ಎಕ್ಸ್‌ರೇಯಲ್ಲಿ ಕಾಣದ ನೋವು

ನಮ್ಮ ಹೈಸ್ಕೂಲಿನ ಮಕ್ಕಳು ನನಗಿಟ್ಟಿರುವ ಅಡ್ಡಹೆಸರು ‘ವೇಣುಗೋಪಾಲ’. ನನ್ನ ನಿಜವಾದ ಹೆಸರು ಅದಲ್ಲ. ಕೊಳಲು ಊದುವ ಮಾತಿರಲಿ, ಬೆಳಗಿನ ಪ್ರಾರ್ಥನೆಯಲ್ಲಿ ನಾಡಗೀತೆಗೆ ದನಿ ಸೇರಿಸಿದರೂ ಪಕ್ಕದಲ್ಲಿರುವ ಪಿ.ಟಿ. ಮೇಷ್ಟ್ರು ಒಮ್ಮೆ ತಿರುಗಿ ನೋಡುತ್ತಾರೆ. ಹೆಸರು ಬಂದದ್ದು ನಾನು ನಿಲ್ಲುವ ಭಂಗಿಯಿಂದ. ಭಾರವನ್ನೆಲ್ಲ ಬಲಗಾಲಿನ ಮೇಲೆ ಹಾಕಿ, ಎಡಗಾಲನ್ನು ಸ್ವಲ್ಪ ಮಡಚಿ, ಸೊಂಟವನ್ನು ಒಂದು ಪಕ್ಕಕ್ಕೆ ವಾಲಿಸಿ ಕಪ್ಪುಹಲಗೆಯ ಮುಂದೆ ನಿಂತರೆ, ಬೇಲೂರು ಹಳೇಬೀಡು ಪ್ರವಾಸ ಮುಗಿಸಿ ಬಂದ ಒಂಬತ್ತನೇ ತರಗತಿಯ ಹುಡುಗರಿಗೆ ನಾನು ಹಾಗೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಹೊಯ್ಸಳರ ಶಿಲ್ಪಿ ಆ ಬಾಗನ್ನು ಚೆಲುವಿಗಾಗಿ ಕೆತ್ತಿದ. ನನಗೆ ಅದನ್ನು ಕಲಿಸಿದ್ದು ಸೊಂಟದ ಹಿಂಭಾಗದ ಒಂದು ಕೀಲು.

ಈ ಕೀಲಿನ ಕಥೆಯನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ಐವತ್ತು ದಾಟಿದವರಲ್ಲಿ ಸೊಂಟನೋವಿಲ್ಲದವರು ಯಾರಿದ್ದಾರೆ? ಆದರೆ ಈ ಕಥೆಯಲ್ಲಿ ನನ್ನ ನೋವಿಗಿಂತ ದೊಡ್ಡದಾದ ನನ್ನ ತಪ್ಪೊಂದಿದೆ. ಮೂವತ್ತು ವರ್ಷ ಮಕ್ಕಳ ತಪ್ಪು ತಿದ್ದಿದವನು ತನ್ನದನ್ನು ಮುಚ್ಚಿಟ್ಟುಕೊಳ್ಳುವುದು ನ್ಯಾಯವಲ್ಲವೆನ್ನಿಸಿ ಬರೆಯಲು ಕುಳಿತಿದ್ದೇನೆ. ಕುಳಿತಿದ್ದೇನೆ ಎಂದರೆ ಅರ್ಧ ಗಂಟೆ. ಆಮೇಲೆ ಎದ್ದು ಓಡಾಡಬೇಕು.

2016ರ ಜುಲೈ ತಿಂಗಳು. ಆಷಾಢದ ಮಳೆ ಹಿಡಿದಿತ್ತು. ಶಾಲೆ ಮುಗಿಸಿ ನಮ್ಮೂರ ಸ್ಟಾಪಿನಲ್ಲಿ ಬಸ್ಸಿನಿಂದ ಇಳಿಯುವಾಗ, ನೀರು ನಿಂತ ರಸ್ತೆಯ ಅಂಚಿನಲ್ಲಿ ನೆಲವಿದೆಯೆಂದು ನಂಬಿ ಎಡಗಾಲಿಟ್ಟೆ. ಅಲ್ಲಿದ್ದದ್ದು ಮೊಣಕಾಲುದ್ದದ ಗುಂಡಿ. ಬೀಳಲಿಲ್ಲ. ಆದರೆ ಮೈಯ ಭಾರವೆಲ್ಲ ಒಂದೇ ಕಾಲಿನ ಮೇಲೆ ಧಡ್ ಎಂದು ಇಳಿಯಿತು. ಪಿರ್ರೆಯ ಮೇಲ್ಭಾಗದಲ್ಲಿ, ಬೆನ್ನು ಮುಗಿಯುವ ಕಡೆ, ಎಡಕ್ಕೆ ಏನೋ ‘ಚಳಕ್’ ಎಂದಿತು. ಕೊಡೆ ಎತ್ತಿಕೊಂಡು ಮನೆಗೆ ನಡೆದೇ ಹೋದೆ. ಮರುದಿನ ಬೆಳಿಗ್ಗೆ ಹಾಸಿಗೆಯಲ್ಲಿ ಮಗ್ಗುಲಾಗಲು ಆಗಲಿಲ್ಲ.

ಆಮೇಲಿನ ಎರಡು ವರ್ಷ ನಾನು ಸುತ್ತದ ಬಾಗಿಲಿಲ್ಲ. ಮೊದಲು ಬಿಸಿನೀರಿನ ಚೀಲ, ಮುಲಾಮು. ಆಮೇಲೆ ಎಣ್ಣೆ ನೀವುವವರು. ನಮ್ಮ ಕಡೆ ಇನ್ನೊಂದು ನಂಬಿಕೆಯಿದೆ: ಕಾಲು ಮುಂದಾಗಿ ಹುಟ್ಟಿದವರು ಸೊಂಟಕ್ಕೆ ಒದ್ದರೆ ಉಳುಕು ಬಿಡುತ್ತದಂತೆ. ಗುರುತ್ವ, ಘರ್ಷಣೆ ಎಂದು ಪಾಠ ಮಾಡುವ ಬಿ.ಎಸ್ಸಿ., ಬಿ.ಎಡ್. ಮೇಷ್ಟ್ರು ಒಂದು ಭಾನುವಾರ ಬೆಳಿಗ್ಗೆ ಪಕ್ಕದ ಹಳ್ಳಿಯ ಜಗಲಿಯ ಮೇಲೆ ಬೋರಲು ಮಲಗಿ, ಅಂಥ ಒಬ್ಬ ಅಜ್ಜಿಯ ಕೈಲಿ, ಅಲ್ಲ, ಕಾಲಲ್ಲಿ ಮೂರು ಒದೆ ತಿಂದು ಬಂದರು. ನೋವು ಮನುಷ್ಯನ ಡಿಗ್ರಿಯನ್ನು ಬಹಳ ಬೇಗ ಕಿತ್ತುಕೊಳ್ಳುತ್ತದೆ. ಇನ್ನೊಬ್ಬರು ‘ಮೂಳೆ ಜಾರಿದೆ’ ಎಂದು ಕಾಲು ಹಿಡಿದು ಎಳೆದರು. ಟಕ್ಕೆಂದು ಸದ್ದಾಯಿತು. ‘ಕೂತ್ಕೊಳ್ತು ನೋಡಿ’ ಎಂದರು. ಎರಡು ದಿನ ಹಗುರವೆನ್ನಿಸಿತು. ಮೂರನೆಯ ದಿನ ಮತ್ತೆ ಅದೇ.

ಎಕ್ಸ್‌ರೇ ತೆಗೆಸಿದೆ. ಏನೂ ಇಲ್ಲವೆಂದು ಬಂತು. ಎಂ.ಆರ್.ಐ. ಮಾಡಿಸಿದೆ. ಬೆನ್ನುಮೂಳೆಯ ಕೆಳಗಿನ ಡಿಸ್ಕೊಂದು ಸ್ವಲ್ಪ ಉಬ್ಬಿದೆ ಎಂದು ಬಂತು. ಎಲ್ಲರಿಗೂ ಸಮಾಧಾನವಾಯಿತು, ನನಗೂ ಆಯಿತು. ನೋವಿಗೆ ಒಂದು ಹೆಸರು ಸಿಕ್ಕಿತಲ್ಲ! ಆರು ತಿಂಗಳು ಆ ಡಿಸ್ಕಿಗೆ ಚಿಕಿತ್ಸೆ ನಡೆಯಿತು. 2015ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯನ್ನು ನಾನು ಓದಿದ್ದು ಬಹಳ ತಡವಾಗಿ. ಬೆನ್ನುನೋವೇ ಇಲ್ಲದವರ ಸ್ಕ್ಯಾನುಗಳನ್ನು ಕುರಿತ ಹಲವು ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ, 50ರ ವಯಸ್ಸಿನವರಲ್ಲಿ ನೂರಕ್ಕೆ ಸುಮಾರು 60 ಮಂದಿಗೆ ಡಿಸ್ಕು ಉಬ್ಬಿತ್ತಂತೆ. ಎಂದರೆ ಅದು ತಲೆಕೂದಲು ನರೆತ ಹಾಗೆ. ನರೆತ ಕೂದಲಿರುವವನಿಗೆ ತಲೆನೋವು ಬಂದರೆ ನರೆಯೇ ಕಾರಣವೆನ್ನಲಾದೀತೆ?

ನೋವಿಗಿಂತ ಹೆಚ್ಚು ಕುಗ್ಗಿಸಿದ್ದು ಜನರ ಕಣ್ಣು. ಕೈ ಮುರಿದವನಿಗೆ ಪ್ಲಾಸ್ಟರು ಇರುತ್ತದೆ, ಜ್ವರ ಬಂದವನಿಗೆ ಥರ್ಮಾಮೀಟರು ಸಾಕ್ಷಿ ಹೇಳುತ್ತದೆ. ನನ್ನ ಹತ್ತಿರ ತೋರಿಸಲು ಏನೂ ಇರಲಿಲ್ಲ. 2017ರ ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆಯಲ್ಲಿ ಕೊಠಡಿ ಮೇಲ್ವಿಚಾರಣೆಗೆ ಹಾಕಿದ್ದರು. ಮೂರು ಗಂಟೆ ನಿಲ್ಲಬೇಕು, ಓಡಾಡಬೇಕು. ಎರಡನೆಯ ಗಂಟೆಯಲ್ಲಿ ಎಡಗಾಲು ನನ್ನದಲ್ಲವೇನೋ ಎಂಬಂತೆ ಕೈಕೊಟ್ಟಿತು. ಕುರ್ಚಿಯ ಮೇಲೆ ಬಲಕ್ಕೆ ವಾಲಿ ಕುಳಿತೆ. ಅದೇ ಹೊತ್ತಿಗೆ ಜಾಗೃತದಳದವರು ಬಂದರು. ಅವರಲ್ಲೊಬ್ಬರು ಮಕ್ಕಳ ಎದುರಿಗೇ, ‘ಏನ್ ಮೇಷ್ಟ್ರೇ, ಮನೆ ಹಜಾರದಲ್ಲಿ ಕೂತ ಹಾಗೆ ಕೂತಿದ್ದೀರಲ್ಲ?’ ಎಂದರು. ಸೊಂಟನೋವು ಎಂದೆ. ‘ನಮಗೂ ಇದೆ’ ಎಂದು ನಕ್ಕು ಹೋದರು. ಮೂವತ್ತು ಮಕ್ಕಳು ತಲೆ ತಗ್ಗಿಸಿ ಬರೆಯುತ್ತಿದ್ದರು. ಅವರು ಕೇಳಿಸಿಕೊಳ್ಳದಂತೆ ನಟಿಸಿದ ರೀತಿಯಲ್ಲಿಯೇ ಎಲ್ಲ ಕೇಳಿಸಿಕೊಂಡಿದ್ದಾರೆಂದು ನನಗೆ ಗೊತ್ತಾಯಿತು. ಆ ರಾತ್ರಿ ನನಗೇ ಅನುಮಾನ ಬಂತು: ಇದು ನಿಜವಾಗಿ ನೋವೋ, ನನ್ನ ಮನಸ್ಸಿನ ಆಟವೋ?

2018ರ ಬೇಸಿಗೆ ರಜೆಯಲ್ಲಿ ಮೈಸೂರಿನಲ್ಲಿರುವ ತಮ್ಮನ ಮನೆಗೆ ಹೋದಾಗ, ಅವನ ಬಲವಂತಕ್ಕೆ ಇನ್ನೊಬ್ಬ ಮೂಳೆ ವೈದ್ಯರನ್ನು ಕಂಡೆ. ನನ್ನ ಫೈಲನ್ನು ಅವರು ಪಕ್ಕಕ್ಕಿಟ್ಟರು. ‘ಎಲ್ಲಿ ನೋವು, ಒಂದೇ ಬೆರಳಲ್ಲಿ ತೋರಿಸಿ’ ಎಂದರು. ನಾನು ಎಡಗಡೆ ಸೊಂಟದ ಕೆಳಗೆ, ಚರ್ಮ ಸಣ್ಣ ಕುಳಿಯಂತೆ ಒಳಸರಿದಿರುವ ಕಡೆ ಬೆರಳಿಟ್ಟೆ. ‘ಇನ್ನೊಂದು ಸಲ ತೋರಿಸಿ’ ಎಂದರು. ಬೆರಳು ಅಲ್ಲೇ ಹೋಯಿತು. ‘ಎರಡು ವರ್ಷದಲ್ಲಿ ಇದನ್ನು ಯಾರೂ ಕೇಳಲಿಲ್ಲವಾ?’ ಎಂದು ಕೇಳಿ ಮಂಚದ ಮೇಲೆ ಮಲಗಿಸಿದರು. ಸೊಂಟದ ಮೂಳೆಗಳನ್ನು ಪಕ್ಕದಿಂದ ಒತ್ತಿದರು, ಅಗಲಿಸಿ ಒತ್ತಿದರು, ತೊಡೆಯನ್ನು ಮೇಲೆತ್ತಿ ಕೆಳಕ್ಕೆ ನೂಕಿದರು. ಹೀಗೆ ಐದು ಪರೀಕ್ಷೆ. ಮೂರು ಅಥವಾ ಹೆಚ್ಚು ಪರೀಕ್ಷೆಗಳಲ್ಲಿ ನಮ್ಮದೇ ಹಳೆಯ ನೋವು ಮರುಕಳಿಸಿದರೆ ಅನುಮಾನ ಆ ಕೀಲಿನ ಮೇಲೆ ಗಟ್ಟಿಯಾಗುತ್ತದಂತೆ. ನನಗೆ ನಾಲ್ಕರಲ್ಲಿ ಮರುಕಳಿಸಿತು. ಎಸ್‌.ಎಸ್‌.ಎಲ್‌.ಸಿ. ಭಾಷೆಯಲ್ಲಿ ಹೇಳುವುದಾದರೆ ಫಸ್ಟ್ ಕ್ಲಾಸ್.

ಆಮೇಲೆ ಅವರು ಮಾಡಿದ್ದು ನನ್ನ ಒಳಗಿನ ವಿಜ್ಞಾನ ಮೇಷ್ಟ್ರನ್ನು ಎಬ್ಬಿಸಿತು. ಅಂಗಾತ ಮಲಗಿ, ಮಂಡಿ ಮಡಚದೆ ಒಂದೊಂದೇ ಕಾಲನ್ನು 20 ಸೆಂ.ಮೀ. ಎತ್ತಬೇಕು. ಎಷ್ಟು ಕಷ್ಟ ಎಂಬುದಕ್ಕೆ ಸೊನ್ನೆಯಿಂದ ಐದರವರೆಗೆ ಅಂಕ ಕೊಡಬೇಕು. ಬಲಗಾಲು ಸಲೀಸಾಗಿ ಎದ್ದಿತು. ಎಡಗಾಲು ಸೀಸದ ಗುಂಡು ಕಟ್ಟಿದಂತೆ ಮಂಚಕ್ಕಂಟಿತು. ನಾಲ್ಕು ಎಂದೆ. ಆಗ ವೈದ್ಯರು ನನ್ನ ಸೊಂಟವನ್ನು ಎರಡೂ ಪಕ್ಕದಿಂದ ಅಂಗೈಗಳಲ್ಲಿ ಬಿಗಿಯಾಗಿ ಒತ್ತಿ ಹಿಡಿದು, ‘ಈಗ ಎತ್ತಿ’ ಎಂದರು. ಕಾಲು ಎದ್ದಿತು! ಅದೇ ಕಾಲು, ಅದೇ ಮನುಷ್ಯ, ಬದಲಾದದ್ದು ಒಂದೇ ಅಂಶ. ಪ್ರಯೋಗವೆಂದರೆ ಹೀಗಿರಬೇಕು.

ಈ ಕೀಲು ಯಾವುದೆಂದು ಸ್ವಲ್ಪ ಹೇಳಬೇಕು. ಬೆನ್ನುಮೂಳೆಯ ಬುಡದಲ್ಲಿ ಐದು ಮಣಿಗಳು ಬೆಸೆದು ಒಂದಾದ ಬೆಣೆಯಾಕಾರದ ಮೂಳೆಯಿದೆ. ನಮ್ಮ ಪಠ್ಯಗಳಲ್ಲಿ ಅದು ತ್ರಿಕಾಸ್ಥಿ. ಲ್ಯಾಟಿನ್ನಿನ ಸೇಕ್ರಮ್ ಎಂಬ ಹೆಸರಿಗೆ ಪವಿತ್ರ ಎಂದರ್ಥ. ಅದರ ಎಡಬಲಕ್ಕೆ ಸೊಂಟದ ಎರಡು ದೊಡ್ಡ ಮೂಳೆಗಳು ಸೇರುವ ಜಾಗವೇ ಸೇಕ್ರೋಇಲಿಯಾಕ್ ಕೀಲು. ಮೈಯ ಮೇಲ್ಭಾಗದ ಭಾರ ಕಾಲುಗಳಿಗೆ ಇಳಿಯುವುದು ಈ ಎರಡು ಕೀಲುಗಳ ಮೂಲಕ. ಕಲ್ಲಿನ ಕಮಾನಿನ ನೆತ್ತಿಯಲ್ಲಿ ಒಂದು ಬೆಣೆಗಲ್ಲು ಇರುತ್ತದಲ್ಲ, ತ್ರಿಕಾಸ್ಥಿಯೂ ಹಾಗೆಯೇ ಎರಡು ಮೂಳೆಗಳ ನಡುವೆ ಸಿಕ್ಕಿಕೊಂಡಿರುತ್ತದೆ.

ಇದು ಮೊಣಕಾಲಿನಂತೆ ಮಡಚುವ ಕೀಲಲ್ಲ. 1989ರಲ್ಲಿ ಸ್ವೀಡನ್ನಿನ ಸಂಶೋಧಕರು ರೋಗಿಗಳ ಮೂಳೆಯಲ್ಲಿ ಪುಟ್ಟ ಲೋಹದ ಗುಂಡುಗಳನ್ನಿಟ್ಟು ಎಕ್ಸ್‌ರೇಯಿಂದ ಅಳೆದರು. ಸರಾಸರಿ ತಿರುಗಿದ್ದು 2.5 ಡಿಗ್ರಿ, ಸರಿದದ್ದು 0.7 ಮಿ.ಮೀ.! ನಮ್ಮ ಜ್ಯಾಮಿಟ್ರಿ ಬಾಕ್ಸಿನ ಕೋನಮಾಪಕದಲ್ಲಿ ಅಳೆಯಲು ಹೋದರೆ ಪೆನ್ಸಿಲಿನ ಗೀಟಿನ ದಪ್ಪದಲ್ಲಿಯೇ ಅರ್ಧ ಮುಳುಗಿಹೋಗುತ್ತದೆ. ಹಾಗಾದರೆ ಅಷ್ಟು ಅಲ್ಲಾಡದ ಕೀಲು ‘ಸಡಿಲ’ ಎಂದರೇನು?

ಅದಕ್ಕೆ ಉತ್ತರವನ್ನು ನಾನು ಈಗ ಎಂಟನೇ ತರಗತಿಗೆ ಘರ್ಷಣೆ ಪಾಠದಲ್ಲಿ ಮಾಡಿ ತೋರಿಸುತ್ತೇನೆ. ನೀವೂ ಮನೆಯಲ್ಲಿ ಮಾಡಿ. ಐದಾರು ನೋಟ್‌ಬುಕ್ಕುಗಳನ್ನು ಸಾಲಾಗಿ ಲಂಬವಾಗಿ ನಿಲ್ಲಿಸಿ, ಎರಡೂ ಕೊನೆಯಿಂದ ಅಂಗೈಯಲ್ಲಿ ಒತ್ತಿ ಮೇಲೆತ್ತಿ. ಅಂಟಿಲ್ಲ, ದಾರವಿಲ್ಲ, ಆದರೂ ನಡುವಿನ ಪುಸ್ತಕಗಳು ಬೀಳುವುದಿಲ್ಲ. ಕೈ ಸ್ವಲ್ಪ ಸಡಿಲಿಸಿ, ನಡುವಿನದು ಜಾರುತ್ತದೆ. ಸೊಂಟದ ಕೀಲು ನಿಂತಿರುವುದೂ ಹೀಗೆಯೇ. ಒಂದು, ಮೂಳೆಗಳ ಒರಟು ಮೈ ಮತ್ತು ಬೆಣೆಯ ಆಕಾರ. ಎರಡು, ಬಲವಾದ ಅಸ್ಥಿರಜ್ಜುಗಳು ಮತ್ತು ಹೊಟ್ಟೆ, ಬೆನ್ನು, ಪಿರ್ರೆಗಳ ಸ್ನಾಯುಗಳು ಹಾಕುವ ಒತ್ತಡ. ನೆದರ್‌ಲ್ಯಾಂಡ್ಸಿನ ವ್ಲೀಮಿಂಗ್, ಸ್ನೈಡರ್ಸ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಇದನ್ನು ಬಿಡಿಸಿ ಹೇಳಿದರು. ಬಿದ್ದ ಪೆಟ್ಟಿಗೋ ಹೆರಿಗೆಗೋ ಅಸ್ಥಿರಜ್ಜುಗಳು ಎಳೆದುಹೋಗಿ, ನೋವಿಗೆ ಹೆದರಿ ಸ್ನಾಯುಗಳೂ ಕೆಲಸ ತಪ್ಪಿಸಿದರೆ, ಒತ್ತಿ ಹಿಡಿಯುವ ಕೈ ಸಡಿಲವಾದಂತೆ. ವೈದ್ಯರು ಅಂಗೈಯಲ್ಲಿ ಒತ್ತಿದಾಗ ನನ್ನ ಕಾಲೆದ್ದದ್ದು ಇದಕ್ಕೇ.

ವೈದ್ಯಕೀಯದಲ್ಲಿಯೂ ಗಾಳಿ ಬಂದ ಕಡೆ ತೂರಿಕೊಳ್ಳುವುದಿದೆಯೆಂದು ಕಾಣುತ್ತದೆ. 1905ರಲ್ಲಿಯೇ ಅಮೆರಿಕದ ಗೋಲ್ಡ್‌ತ್ವೇಟ್ ಮತ್ತು ಆಸ್ಗುಡ್ ಎಂಬ ವೈದ್ಯರು ಬೆನ್ನಿನ ಕೆಳಭಾಗದ ನೋವಿಗೆ ಈ ಕೀಲು ಕಾರಣವಾಗಬಹುದೆಂದು ಬರೆದಿದ್ದರು. 1934ರಲ್ಲಿ ಮಿಕ್ಸ್‌ಟರ್ ಮತ್ತು ಬಾರ್ ಡಿಸ್ಕು ಹೊರಚಾಚಿ ನರವನ್ನು ಒತ್ತುವುದನ್ನು ತೋರಿಸಿದ ಮೇಲೆ ಎಲ್ಲರ ಕಣ್ಣೂ ಡಿಸ್ಕಿನ ಕಡೆ ಹೊರಳಿತು. ಈ ಕೀಲು ದಶಕಗಳ ಕಾಲ ಹಿಂದಿನ ಬೆಂಚಿಗೆ ಹೋಯಿತು. ದೀರ್ಘಕಾಲದ ಸೊಂಟನೋವಿನವರಲ್ಲಿ ನೂರಕ್ಕೆ 15ರಿಂದ 30 ಮಂದಿಗೆ ಮೂಲ ಇಲ್ಲಿಯೇ ಎಂದು ಈಗ ಅಂದಾಜಿದೆ. ಹಿಂದಿನ ಬೆಂಚಿನ ಹುಡುಗರನ್ನು ಗಮನಿಸದೆ ಬಿಡುವುದರಲ್ಲಿ ನಾವು ಮೇಷ್ಟ್ರುಗಳೇನೂ ಕಡಿಮೆಯಿಲ್ಲ ಬಿಡಿ.

ಖಾತ್ರಿಗಾಗಿ ವೈದ್ಯರು ಇನ್ನೊಂದು ಪರೀಕ್ಷೆ ಮಾಡಿದರು. ಎಕ್ಸ್‌ರೇ ಪರದೆಯಲ್ಲಿ ನೋಡುತ್ತ ಆ ಕೀಲಿನೊಳಕ್ಕೆ ಸೂಜಿ ಇಳಿಸಿ, ಮರಗಟ್ಟಿಸುವ ಔಷಧ ಹಾಕಿದರು. ನೋವಿನ ಮನೆ ಅದೇ ಆಗಿದ್ದರೆ ಔಷಧದ ಗುಣವಿರುವಷ್ಟು ಹೊತ್ತು ನೋವು ಇಳಿಯಬೇಕು. ಅರ್ಧ ಗಂಟೆಯ ಮೇಲೆ ನಿಂತುಕೊಳ್ಳಲು ಹೇಳಿದರು. ನಿಂತೆ. ಎರಡೂ ಕಾಲಿನ ಮೇಲೆ ಸಮನಾಗಿ ನಿಂತೆ. ಆಸ್ಪತ್ರೆಯ ಉದ್ದನೆಯ ಓಣಿಯಲ್ಲಿ ಆ ತುದಿಗೊಮ್ಮೆ ಈ ತುದಿಗೊಮ್ಮೆ ನಡೆದೆ. ಸುಮಾರು ಎರಡು ಗಂಟೆ ಹೊತ್ತು ನಾನು ಹಳೆಯ ಮನುಷ್ಯನಾಗಿದ್ದೆ. ನೋವು ಮತ್ತೆ ನಿಧಾನವಾಗಿ ಬಂತು. ಆದರೆ ಅಷ್ಟರಲ್ಲಿ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಾಗಿತ್ತು. ನೋವು ಹೋದದ್ದಕ್ಕಲ್ಲ. ನಾನು ಸುಳ್ಳು ಹೇಳುತ್ತಿರಲಿಲ್ಲವೆಂದು ಗೊತ್ತಾದದ್ದಕ್ಕೆ.

ಫಿಸಿಯೋಥೆರಪಿ ವಿಭಾಗದಲ್ಲಿ ನನ್ನ ಮಗಳ ವಯಸ್ಸಿನ ಹುಡುಗಿಯೊಬ್ಬಳು ವ್ಯಾಯಾಮ ಹೇಳಿಕೊಟ್ಟಳು. ಮೊದಮೊದಲ ವಾರಗಳಿಗೆಂದು ಒಂದು ಅಗಲವಾದ ಪಟ್ಟಿಯನ್ನೂ ಕೊಟ್ಟಳು. ‘ಇದನ್ನ ಹೊಟ್ಟೆಗೆ ಕಟ್ಬೇಡಿ ಸಾರ್. ಪಂಚೆ ಗಂಟು ಹಾಕೋ ಜಾಗಕ್ಕಿಂತ ಕೆಳಗೆ, ಸೊಂಟದ ಮೂಳೆ ಮೇಲೆ ಬರ್ಬೇಕು’ ಎಂದು ಕಟ್ಟಿ ತೋರಿಸಿದಳು.

ಮನೆಗೆ ಬಂದು ಅದನ್ನು ಕಟ್ಟಿಕೊಂಡು ಹಜಾರದಲ್ಲಿ ನಡೆದೆ. ನನ್ನ ಹೆಂಡತಿ ಹುರುಳಿಕಾಯಿ ಸೋಸುತ್ತಿದ್ದಳು. ತಲೆಯೆತ್ತಿ ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ ಮೆಲ್ಲಗೆ ಕೇಳಿದಳು: ‘ರೀ, ನಾನು ಹಳೇ ಸೀರೆ ಹರಿದು ಕಟ್ಕೊಳ್ತಿದ್ದದ್ದೂ ಇಲ್ಲೇ ಅಲ್ವಾ?’

ನಾನು ನಿಂತಲ್ಲೇ ನಿಂತೆ.

1999ರಲ್ಲಿ ನಮ್ಮ ಎರಡನೆಯ ಮಗು ಹುಟ್ಟಿತು. ಬಾಣಂತನ ಮುಗಿಸಿಕೊಂಡು ಅವಳು ತವರಿನಿಂದ ಬಂದ ಮೇಲೂ ಸೊಂಟನೋವು ಎನ್ನುತ್ತಿದ್ದಳು. ರಾತ್ರಿ ಮಗ್ಗುಲು ಬದಲಿಸುವಾಗ ಹಲ್ಲು ಕಚ್ಚುತ್ತಿದ್ದಳು. ಬಸ್ಸಿನ ಮೆಟ್ಟಿಲಿಗೆ ಒಂದು ಕಾಲೆತ್ತಿಡುವಾಗ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದಳು. ಮಗುವನ್ನೆತ್ತಿಕೊಂಡು ನಿಂತರೆ ಗೋಡೆಗೊರಗುತ್ತಿದ್ದಳು. ಬಾಣಂತಿಗೆ ಹೊಟ್ಟೆ ಕಟ್ಟುವುದು ನಮ್ಮಲ್ಲಿರುವ ಪದ್ಧತಿ. ಇವಳು ಮಗುವಿಗೆ ವರ್ಷ ತುಂಬಿದ ಮೇಲೂ ಹಳೆಯ ನೂಲಿನ ಸೀರೆಯ ಪಟ್ಟಿಯನ್ನು ಬಿಡಲಿಲ್ಲ. ಅದೂ ಹೊಟ್ಟೆಗಲ್ಲ, ಕೆಳಗೆ ಸೊಂಟದ ಮೂಳೆಗಳ ಸುತ್ತ ಬಿಗಿದು ಕಟ್ಟಿ ಕೆಲಸಕ್ಕಿಳಿಯುತ್ತಿದ್ದಳು. ‘ಹೀಗೆ ಕಟ್ಟಿದ್ರೆ ಕಾಲು ಎತ್ತಕ್ಕಾಗುತ್ತೆ’ ಎನ್ನುತ್ತಿದ್ದಳು. ನಾನು ‘ಏನು, ಒನಕೆ ಓಬವ್ವ ಯುದ್ಧಕ್ಕೆ ಹೊರಟಳೋ?’ ಎಂದು ತಮಾಷೆ ಮಾಡುತ್ತಿದ್ದೆ.

ತಮಾಷೆಯಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಒಮ್ಮೆ ಅವಳು ನೀರಿನ ಕೊಡ ಎತ್ತಲಾರದೆ ಅಂಗಳದಲ್ಲಿ ಕುಳಿತುಬಿಟ್ಟಾಗ, ‘ಹಳ್ಳಿ ಹೆಂಗಸರು ಹೆತ್ತು ಮೂರೇ ದಿನಕ್ಕೆ ಗದ್ದೆಗಿಳೀತಾರೆ. ಎರಡು ಹೆತ್ತವಳು ಲೋಕದಲ್ಲಿ ನೀನೊಬ್ಬಳೇನಾ?’ ಎಂದಿದ್ದೆ. ಎಕ್ಸ್‌ರೇ ತೆಗೆಸಿದ್ದೆ. ಏನೂ ಇಲ್ಲವೆಂದಿದ್ದರು. ಸುಣ್ಣದಂಶದ ಗುಳಿಗೆ ಬರೆದುಕೊಟ್ಟಿದ್ದರು. ‘ನೋಡು, ಏನೂ ಇಲ್ಲವಂತೆ’ ಎಂದು ನಾನು ಕೇಸು ಮುಗಿಸಿದ್ದೆ. ಅವಳು ಆಮೇಲೆ ಹೇಳುವುದನ್ನೇ ಬಿಟ್ಟಳು. ಹೇಳದ ಮೇಲೆ ನೋವು ಹೋಗಿದೆಯೆಂದು ನಾನು ತಿಳಿದುಕೊಂಡೆ.

ವಿಚಾರ ಮಾಡಿ ನೋಡಿ. ನನ್ನ ಕಾಲು ಎದ್ದ ಪ್ರಯೋಗವನ್ನು ಅವಳು ಹತ್ತೊಂಬತ್ತು ವರ್ಷ ಮೊದಲು ನಮ್ಮ ಅಡುಗೆಮನೆಯಲ್ಲಿ ಮಾಡಿ, ಫಲಿತಾಂಶವನ್ನೂ ಬಾಯಿಬಿಟ್ಟು ಹೇಳಿದ್ದಳು: ಕಟ್ಟಿದರೆ ಕಾಲು ಎತ್ತಲಾಗುತ್ತದೆ. ‘ವೀಕ್ಷಣೆಯೇ ವಿಜ್ಞಾನದ ಮೊದಲ ಮೆಟ್ಟಿಲು’ ಎಂದು ಪ್ರತಿ ಜೂನ್ ತಿಂಗಳಲ್ಲಿ ಹಲಗೆಯ ಮೇಲೆ ಬರೆಯುವ ನಾನು ಅದನ್ನು ನೋಡಿ ನಕ್ಕಿದ್ದೆ.

ಬಸಿರಿನಲ್ಲಿ ಸೊಂಟದ ಅಸ್ಥಿರಜ್ಜುಗಳು ಮೆತ್ತಗಾಗುವುದು ಪ್ರಕೃತಿಯ ಏರ್ಪಾಡು. ಹೆರಿಗೆಯಾದ ಕೆಲವು ತಿಂಗಳಲ್ಲಿ ಬಹುಪಾಲು ಹೆಂಗಸರು ಸುಧಾರಿಸಿಕೊಳ್ಳುತ್ತಾರೆ, ಕೆಲವರಿಗೆ ನೋವು ವರ್ಷಗಟ್ಟಲೆ ಉಳಿಯುತ್ತದೆ. ನಾರ್ವೆ ದೇಶದಲ್ಲಿ ಬ್ರಿಟ್ ಸ್ಟೂಗೆ ಮತ್ತು ಸಂಗಡಿಗರು ಹೆರಿಗೆಯ ನಂತರ ಇಂಥ ನೋವಿದ್ದ 81 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ ಮಾತ್ರ ಕೊಟ್ಟರು. ಇನ್ನೊಂದಕ್ಕೆ 20 ವಾರ ಕೀಲನ್ನು ಹಿಡಿದಿಡುವ ಸ್ನಾಯುಗಳ ವ್ಯಾಯಾಮವನ್ನೂ ಕಲಿಸಿದರು. ವ್ಯಾಯಾಮ ಕಲಿತವರು ಹೆಚ್ಚು ಸುಧಾರಿಸಿದರು, ಎರಡು ವರ್ಷದ ನಂತರವೂ ಆ ಗುಣ ಉಳಿದಿತ್ತು. 2004ರಲ್ಲಿ ಇದು ಪ್ರಕಟವಾಗುವ ಹೊತ್ತಿಗೆ ನಮ್ಮ ಮನೆಯಲ್ಲಿ ಆ ವಿಷಯದ ಮಾತೇ ನಿಂತುಹೋಗಿತ್ತು.

ಇನ್ನು ನನ್ನ ಚಿಕಿತ್ಸೆ. ನಡುವೆ ಬೇರೊಂದು ಕಡೆ ತೋರಿಸಿದಾಗ ಶಸ್ತ್ರಚಿಕಿತ್ಸೆ ಮಾಡಿ ಕೀಲನ್ನು ಟೈಟಾನಿಯಂ ಮೊಳೆಗಳಿಂದ ಬೆಸೆದುಬಿಡೋಣ ಎಂದರು. ಕೆಲವರಿಗೆ ಅದರಿಂದ ಒಳ್ಳೆಯದಾಗಿರುವುದು ನಿಜ. ನಮ್ಮ ಮೈಸೂರಿನ ವೈದ್ಯರು, ‘ಅದು ಕೊನೆಯ ಬಾಗಿಲು ಮೇಷ್ಟ್ರೇ. ಮೊದಲನೆಯದನ್ನೇ ನೀವಿನ್ನೂ ತಟ್ಟಿಲ್ಲ’ ಎಂದರು. ಅವರು ಇನ್ನೂ ಒಂದು ಮಾತು ಹೇಳಿದರು. ‘ನನ್ನ ಕೀಲು ಸಡಿಲ, ಯಾವಾಗ ಬೇಕಾದರೂ ಜಾರಿಬಿಡುತ್ತದೆ ಎಂದು ಹೆದರಬೇಡಿ. ಮೂಳೆ ಜಾರಿಲ್ಲ. ಹಿಡಿತ ಕಡಿಮೆಯಾಗಿದೆ, ಅಷ್ಟೇ. ಹೆದರಿ ಅಲ್ಲಾಡದೆ ಕೂತರೆ ಇದ್ದ ಹಿಡಿತವೂ ಹೋಗುತ್ತದೆ.’ ಟಕ್ಕೆನ್ನಿಸಿ ‘ಕೂರಿಸಿದ’ವರ ಗುಟ್ಟೂ ಆಗ ತಿಳಿಯಿತು. 1998ರಲ್ಲಿ ಸ್ವೀಡನ್ನಿನಲ್ಲಿ ಹೀಗೆ ಎಳೆದು ಕೂರಿಸುವ ಮೊದಲು ಮತ್ತು ಅನಂತರ ಕೀಲಿನ ಸ್ಥಾನವನ್ನು ಅಳೆದು ನೋಡಿದ್ದರು. ಸ್ಥಾನ ಬದಲಾಗಿರಲಿಲ್ಲ. ಹಗುರವೆನ್ನಿಸುವುದು ಸುಳ್ಳಲ್ಲ, ಆದರೆ ಅದು ಮೂಳೆ ಕುಳಿತದ್ದರಿಂದಲ್ಲ.

ವ್ಯಾಯಾಮಗಳು ನೋಡಲು ಏನೇನೂ ಅಲ್ಲ. ಅಂಗಾತ ಮಲಗಿ ಮಂಡಿ ಮಡಚಿ, ಉಸಿರು ಕಟ್ಟದೆ ಕಿಬ್ಬೊಟ್ಟೆಯನ್ನು ಒಳಕ್ಕೆಳೆದು ಹಿಡಿಯುವುದು. ಸೊಂಟವನ್ನು ಸೇತುವೆಯಂತೆ ಎತ್ತುವುದು. ಅಂಬೆಗಾಲಿನಲ್ಲಿ ನಿಂತು ಎಡಗೈ ಬಲಗಾಲನ್ನು ಒಟ್ಟಿಗೆ ಚಾಚುವುದು. ಮೊದಲ ದಿನ ಐದು ಸೆಕೆಂಡು ಹಿಡಿಯಲಾಗಲಿಲ್ಲ. ನಾನು ಗ್ರಾಫ್ ಪುಸ್ತಕವೊಂದನ್ನು ತಂದು, ದಿನಾಂಕ ಒಂದು ಅಕ್ಷಕ್ಕೆ, ಸೊನ್ನೆಯಿಂದ ಹತ್ತರವರೆಗೆ ನೋವು ಇನ್ನೊಂದು ಅಕ್ಷಕ್ಕೆ ಹಾಕಿ ಗುರುತಿಸುತ್ತ ಬಂದೆ. ಆರು ವಾರ ಗೆರೆ ಮಲೆನಾಡಿನ ರಸ್ತೆಯಂತೆ ಏರಿತು, ಇಳಿಯಿತು. ಇದರಿಂದ ಪ್ರಯೋಜನವಿಲ್ಲವೆಂದು ಎರಡು ಸಲ ಬಿಟ್ಟೆ. ಮೂರನೆಯ ತಿಂಗಳಲ್ಲಿ ಹಿಂದಿನ ಹಾಳೆಗಳನ್ನು ಒಟ್ಟಿಗೆ ನೋಡಿದಾಗ ಏಳರ ಆಸುಪಾಸಿನಲ್ಲಿದ್ದ ಗೆರೆ ಐದಕ್ಕೆ ಬಂದಿತ್ತು. ದಿನದಿನಕ್ಕೆ ನೋಡಿದರೆ ಕಾಣದ್ದು ತಿಂಗಳ ಲೆಕ್ಕದಲ್ಲಿ ಕಾಣುತ್ತದೆ. ಓದಿದ್ದು ತಲೆಗೆ ಹತ್ತುತ್ತಿಲ್ಲವೆಂದು ವಾರಕ್ಕೇ ಕೈಚೆಲ್ಲುವ ಮಕ್ಕಳಿಗೆ ಆ ಗ್ರಾಫನ್ನು ತೋರಿಸಿದ್ದೇನೆ.

ಪೂರಾ ವಾಸಿಯಾಗಿದೆಯೇ ಎಂದು ಕೇಳಿದರೆ, ಇಲ್ಲ. ಗೆರೆ ಈಗ ಎರಡರ ಸುತ್ತಮುತ್ತ ಇದೆ. ಒಂದು ಪೀರಿಯಡ್ ಪೂರ್ತಿ ನಿಲ್ಲಬಲ್ಲೆ. ಪ್ಯಾಂಟನ್ನು ಕುಳಿತು ಹಾಕಿಕೊಳ್ಳುತ್ತೇನೆ. ಮಗ್ಗುಲಾಗುವಾಗ ಎರಡೂ ಮಂಡಿಗಳನ್ನು ಸೇರಿಸಿ ಹೊರಳುತ್ತೇನೆ. ಮದುವೆ ಮನೆಯಲ್ಲಿ ನೆಲದ ಪಂಕ್ತಿಯ ಬದಲು ಟೇಬಲ್ಲು ಹುಡುಕುತ್ತೇನೆ. ‘ಮೇಷ್ಟ್ರಿಗೆ ದೊಡ್ಡಸ್ತಿಕೆ ಬಂತು’ ಎನ್ನುವವರಿಗೆ ನಕ್ಕು ಸುಮ್ಮನಾಗುತ್ತೇನೆ. ವೇಣುಗೋಪಾಲ ಭಂಗಿ ಮಾತ್ರ ಅಭ್ಯಾಸಬಲದಿಂದ ಉಳಿದುಬಿಟ್ಟಿದೆ. ಒಂದು ಎಚ್ಚರಿಕೆ: ನನ್ನ ವ್ಯಾಯಾಮವನ್ನು ಪತ್ರಿಕೆಯಲ್ಲಿ ಓದಿ ಮಾಡಬೇಡಿ. ಬಲ್ಲವರಿಂದ ಮೈ ಪರೀಕ್ಷೆ ಮಾಡಿಸಿಕೊಂಡು ಕಲಿಯಿರಿ. ಸೊಂಟನೋವಿನ ಜೊತೆ ಜ್ವರ, ತೂಕ ಇಳಿಯುವುದು, ತೊಡೆಸಂದಿಯಲ್ಲಿ ಜೋಮು, ಮೂತ್ರದ ಹಿಡಿತ ತಪ್ಪುವುದು ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ತಂದೆತಾಯಿಯರಿಗೆ ಇನ್ನೊಂದು ಸಂಗತಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಹತ್ತನೇ ತರಗತಿಯ ಹುಡುಗನೊಬ್ಬ ದಿನವೂ ಪ್ರಾರ್ಥನೆಗೆ ತಡವಾಗಿ, ಮುದುಕನಂತೆ ಬಗ್ಗಿ ಬರುತ್ತಿದ್ದ. ಮೂರನೇ ಪೀರಿಯಡ್ಡಿನ ಹೊತ್ತಿಗೆ ಸರಿಹೋಗುತ್ತಿದ್ದ. ಸಂಜೆ ಕಬಡ್ಡಿ ಆಡುತ್ತಿದ್ದ. ‘ಸಂಜೆ ಹುಲಿ, ಬೆಳಿಗ್ಗೆ ನಾಟಕ’ ಎಂದು ಪಿ.ಟಿ. ಮೇಷ್ಟ್ರು ಬೆತ್ತ ಹಿಡಿದು ನಿಂತಿದ್ದರು. ಹಿಂದಿನ ನಾನಾಗಿದ್ದರೆ ಹೌದೆನ್ನುತ್ತಿದ್ದೆ. ಅವನನ್ನು ಪ್ರಯೋಗಶಾಲೆಗೆ ಕರೆದು ಕೂರಿಸಿ, ‘ಎಲ್ಲಿ ನೋವು, ಬೆರಳಿಟ್ಟು ತೋರಿಸು’ ಎಂದೆ. ಹುಡುಗ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದ. ಆಮೇಲೆ ಎರಡೂ ಕೈಯನ್ನು ಹಿಂದಕ್ಕೆ ತಂದು ಅದೇ ಕೀಲುಗಳ ಮೇಲಿಟ್ಟ. ಬೆಳಿಗ್ಗೆ ಒಂದು ಗಂಟೆ ಸೊಂಟ ಮರದ ಕೊರಡಿನಂತಿರುತ್ತದೆ ಸಾರ್, ಓಡಾಡಿದರೆ ಬಿಡುತ್ತದೆ, ಮಲಗಿದರೆ ಹೆಚ್ಚಾಗುತ್ತದೆ ಎಂದ. ಆರು ತಿಂಗಳಿಂದ ಹೀಗಿತ್ತಂತೆ. ಮನೆಯಲ್ಲಿ ಹೇಳಿದ್ದಕ್ಕೆ ‘ಓದೋದು ತಪ್ಪಿಸ್ಕೊಳ್ಳೋಕೆ ನೆಪ’ ಎಂದು ಬೈಸಿಕೊಂಡಿದ್ದ.

ಅವನ ತಂದೆಯನ್ನು ಕರೆಸಿ, ಮೈಸೂರಿನ ಕೀಲುವಾತ ತಜ್ಞರ ಬಳಿಗೆ ಕಳಿಸಿದೆ. ಅವನದು ನನ್ನ ಕಾಯಿಲೆಯಲ್ಲ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಗುಂಪಿನ ಉರಿಯೂತದ ಆರಂಭವೆಂದು ಗೊತ್ತಾಯಿತು. ಅದು ಹರೆಯದಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ ಹೆಚ್ಚಾಗಿ ತಲೆಯೆತ್ತುವಂಥದು. ಮೊದಲ ವರ್ಷಗಳಲ್ಲಿ ಎಕ್ಸ್‌ರೇ ಸ್ವಚ್ಛವಾಗಿರಬಹುದು. ಬಿಟ್ಟರೆ ಕೆಲವರಲ್ಲಿ ಕೀಲು, ಬೆನ್ನುಮಣಿಗಳು ಬೆಸೆದುಕೊಂಡು ಬೆನ್ನು ಬಾಗುತ್ತದೆ. ಬೇಗ ಗೊತ್ತಾದರೆ ಔಷಧ, ವ್ಯಾಯಾಮಗಳಿಂದ ಹಿಡಿತದಲ್ಲಿಡಬಹುದು. ನನ್ನ ಕೀಲಿಗೆ ಹಿಡಿತ ಸಾಲದು, ಅವನದಕ್ಕೆ ಬೆಸೆದುಕೊಳ್ಳುವ ಅಪಾಯ. ಇಬ್ಬರಿಗೂ ಜನ ಕೊಟ್ಟ ಹೆಸರು ಒಂದೇ: ನಾಟಕ. ಮೂರು ತಿಂಗಳಿಗಿಂತ ಹೆಚ್ಚು ದಿನದ ಸೊಂಟನೋವು, ಬೆಳಗಿನ ಬಿಗಿತ, ಓಡಾಡಿದರೆ ಕಡಿಮೆ, ಮಲಗಿದರೆ ಹೆಚ್ಚು ಎಂದು ಮಕ್ಕಳು ಹೇಳಿದರೆ ದಯವಿಟ್ಟು ಗದರಿಸಬೇಡಿ. ಮಕ್ಕಳೇ, ನೀವೂ ಅಷ್ಟೇ. ಒಬ್ಬರು ನಂಬದಿದ್ದರೆ ಇನ್ನೊಬ್ಬರಿಗೆ ಹೇಳಿ. ಹೇಳುವುದನ್ನು ಮಾತ್ರ ಬಿಡಬೇಡಿ.

ಎಕ್ಸ್‌ರೇ ಒಳ್ಳೆಯ ಸಾಧನ. ಆದರೆ ಅದು ಮೂಳೆಯ ನೆರಳನ್ನು ಹಿಡಿಯುತ್ತದೆ, ನೋವನ್ನಲ್ಲ. ನೋವನ್ನು ತೋರಿಸುವ ಉಪಕರಣ ಸದ್ಯಕ್ಕೆ ಒಂದೇ, ನೋಯುವವರ ಬಾಯಿಮಾತು. ಕೇಳುವವರು ಅದನ್ನು ನಂಬಿದರೆ ಮಾತ್ರ ಅದು ಕೆಲಸ ಮಾಡುತ್ತದೆ.

2018ರ ಆ ಸಂಜೆಯ ಮರುವಾರವೇ ಹೆಂಡತಿಯನ್ನೂ ಅದೇ ವೈದ್ಯರಿಗೆ ತೋರಿಸಿದೆ. ಈಗ ಬೆಳಿಗ್ಗೆ ಐದೂವರೆಗೆ ನಮ್ಮ ಹಜಾರದಲ್ಲಿ ಎರಡು ಚಾಪೆ ಬೀಳುತ್ತವೆ. ಎಣಿಸುವ ಕೆಲಸ ಅವಳದು. ನಾನು ಸೋಮಾರಿತನ ಮಾಡಿದ ದಿನ ಒಂಬತ್ತಕ್ಕೂ ಹತ್ತಕ್ಕೂ ನಡುವೆ ಬೇಕೆಂದೇ ನಿಧಾನಿಸುತ್ತಾಳೆ. ಒಂದು ದಿನ ಹಾಗೆ ಸೊಂಟವೆತ್ತಿ ನಡುಗುತ್ತಿರುವಾಗಲೇ, ವರ್ಷಗಳಿಂದ ಗಂಟಲಲ್ಲಿದ್ದ ಮಾತನ್ನು ಹೇಳಿಬಿಟ್ಟೆ: ‘ಆಗ ನಿನ್ನ ಮಾತು ನಂಬಬೇಕಾಗಿತ್ತು ಕಣೇ.’

ಅವಳು ಎಣಿಕೆ ನಿಲ್ಲಿಸಲಿಲ್ಲ. ‘ಒಂಬತ್ತು... ಹತ್ತು. ಈಗ ನಂಬಿದ್ರಲ್ಲ, ಬಿಡಿ. ಇನ್ನೊಂದು ಕಾಲು ಎತ್ತಿ.’